ಬಾವಿಗೆ ಎಸೆದ ಕತ್ತರಿ

ಹಲ್ಲಿನ ಸೆಟ್ಟು ತಯಾರಿಸುವ ಆ ಲ್ಯಾಬಿನಲ್ಲಿ ಸೋಮವಾರ ಬೆಳಿಗ್ಗೆ ಯಾರಿಗೂ ಕೆಲಸದ ಮೇಲೆ ಗಮನವಿರಲಿಲ್ಲ. ‘ಮುಳ್ಳುಬೇಲಿಯ ಊರು’ ಎಂಬ ವಿಡಿಯೋ ಆಟದ ಐದನೆಯ ಭಾಗ, ಅಂದರೆ ಕೊನೆಯ ಭಾಗ, ಹಿಂದಿನ ದಿನ ಎಲ್ಲರ ಮನೆಯಲ್ಲೂ ಮುಗಿದಿತ್ತು.

ಅಜ್ಜಿಕಥೆಗಳ ಜನರೆಲ್ಲ ಸೇರಿ ಬದುಕುವ ಒಂದು ಊರು. ಅಲ್ಲಿನ ಕಿರಿಯ ರಾಜಕುಮಾರಿ ಒಂದು ಮುಂಜಾನೆ ಕಲ್ಲಾಗಿ ನಿಂತಿದ್ದಾಳೆ. ಊರಬಾಗಿಲು ಕಾಯುವ ಹೆಂಗಸು ನೀವು; ಇದನ್ನು ಮಾಡಿದವರು ಯಾರೆಂದು ನೀವು ಕಂಡುಹಿಡಿಯಬೇಕು. ಎರಡು ತಿಂಗಳಿಗೊಂದು ಭಾಗ ಬರುತ್ತಿತ್ತು. ನೀವು ಯಾರಿಗೆ ಏನು ಹೇಳಿದಿರಿ, ಯಾರಿಂದ ಏನು ಮುಚ್ಚಿಟ್ಟಿರಿ ಎಂಬುದರ ಮೇಲೆ ಕಥೆ ಹೊರಳುತ್ತಿತ್ತು.

“ನಾಮ ಹಾಕಿದ್ರು ಕಣ್ರಮ್ಮ,” ಎಂದರು ಮೇಣದ ಮಾಮ. ಮೇಣದಲ್ಲಿ ಹಲ್ಲು ಕೂರಿಸುವುದು ಅವರ ಕೆಲಸವಾದ್ದರಿಂದ ಆ ಹೆಸರು. “ಎಂಟು ತಿಂಗಳು ಕಾಯಿಸಿ, ಕೊನೇಲಿ ಆ ಕಲ್ಲಿನ ಹುಡುಗಿ ತುಟಿ ಒಂಚೂರು ನಗ್ತದೆ, ಮುಗೀತು ಅಂತಾರೆ. ಹಾಗಾದ್ರೆ ಅವಳೇ ಮಾಡಿಕೊಂಡಳೋ, ಬೇರೆಯವರು ಮಾಡಿದ್ರೋ? ಹೇಳ್ಬೇಕಾ ಬೇಡ್ವಾ?”

“ಅವಳು ನಕ್ಕಿದ್ದು ದರ್ಜಿ ಮುದುಕಿ ಬಚಾವಾದಳಲ್ಲ ಅಂತ ಖುಷಿಗೆ,” ಎಂದಳು ರಿಸೆಪ್ಶನಿಸ್ಟ್. ಅವಳ ಕಣ್ಣು ಇನ್ನೂ ಊದಿಕೊಂಡಿತ್ತು.

ಅಚ್ಚಿನ ಪ್ಲಾಸ್ಟರ್ ಕೆರೆಯುತ್ತಿದ್ದ ಅಕ್ಕ ತಲೆಯೆತ್ತಿದಳು. ಮನೆಯಲ್ಲಿ ಒಬ್ಬಳೇ ತಂಗಿಗೆ ಅಕ್ಕ. ಲ್ಯಾಬಿನಲ್ಲಿ ಎಲ್ಲರಿಗೂ ಅಕ್ಕ. “ಬಚಾವೆಲ್ಲಿ ಆದಳು? ಮುಳ್ಳಿನೊಳಗೆ ನೂಕಿಬಿಟ್ರಲ್ಲ ಅವಳನ್ನ!”

“ಅದು ಕತ್ತರಿ ಕೊತ್ವಾಲನಿಗೆ ಕೊಟ್ಟೋರಿಗೆ ಮಾತ್ರ, ಅಕ್ಕ.”

ಎರಡನೆಯ ಭಾಗದಲ್ಲಿ ದರ್ಜಿ ಮುದುಕಿಯ ಮಂಚದ ಕೆಳಗೆ ಒಂದು ಕತ್ತರಿ ಸಿಗುತ್ತದೆ. ಅದರ ಬಾಯಲ್ಲಿ ರಾಜಕುಮಾರಿಯ ಕೂದಲಿನ ಒಂದೆಳೆ. ಅದನ್ನು ಕೊತ್ವಾಲನಿಗೆ ಒಪ್ಪಿಸಬಹುದು, ಇಲ್ಲವೇ ಬಾವಿಗೆ ಎಸೆಯಬಹುದು.

“ನಾವು ಬಾವಿಗೇ ಎಸೆದಿದ್ವಿ,” ಎಂದಳು ಅಕ್ಕ. “ಆದ್ರೆ ನಿನ್ನೆ ಅದು ಕೊತ್ವಾಲನ ಮೇಜಿನ ಮೇಲಿತ್ತು. ‘ನೀನೇ ಕೊಟ್ಟ ಕತ್ತರಿ’ ಅಂದ ನನಗೆ.”

“ಸಾಧ್ಯನೇ ಇಲ್ಲ,” ಎಂದಳು ರಿಸೆಪ್ಶನಿಸ್ಟ್. “ಯಾರೋ ಎರಡನೇ ಭಾಗಕ್ಕೆ ವಾಪಸ್ ಹೋಗಿ, ಅಲ್ಲಿಂದ ಮತ್ತೆ ಆಡ್ಕೊಂಡು ಬಂದಿದಾರೆ. ತಾರೀಕು, ಟೈಮು ಎಲ್ಲಾ ಇರುತ್ತೆ. ಮನೆಗೆ ಹೋಗಿ ನೋಡಿ.”

ಸಂಜೆ ಬಸ್ಸಿಳಿದು ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಟಿವಿ ಮುಂದೆ ಕೂತಳು. ಅಪ್ಪ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಆಟದ ಯಾವ ಭಾಗ ಯಾವಾಗ ಆಡಿದ್ದು ಎಂಬ ಪಟ್ಟಿಯಲ್ಲಿ ಬರೆದಿತ್ತು: ಎರಡನೆಯ ಭಾಗ, ಬುಧವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೂರು, ನಾಲ್ಕನೆಯ ಭಾಗಗಳ ಎದುರಲ್ಲೂ ಬುಧವಾರಗಳೇ.

ಬುಧವಾರ ತಂಗಿಯ ರಜೆಯ ದಿನ. ಊರಿನ ಆಚೆ ತುದಿಯಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕತ್ತರಿಸುವ ಕೆಲಸ ಅವಳದು. ವಾಸವೂ ಆ ಕಡೆಯೇ, ಆದರೆ ಈ ಮನೆಯ ಬೀಗದ ಕೈಯೊಂದು ಅವಳ ಬಳಿಯೂ ಇತ್ತು.

ಅಕ್ಕನ ಮನಸ್ಸು ಒಂದೊಂದನ್ನೇ ಹೆಕ್ಕತೊಡಗಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂತು ಆಡುವುದು, ಇಬ್ಬರೂ ಒಪ್ಪಿದರೆ ಮಾತ್ರ ಗುಂಡಿ ಒತ್ತುವುದು. ಅದು ಅವರ ಒಪ್ಪಂದ. ಕತ್ತರಿ ಸಿಕ್ಕ ದಿನ ತಂಗಿ ಒಂದು ಗಂಟೆ ವಾದ ಮಾಡಿದ್ದಳು. “ಮುಚ್ಚಿಡೋದು ಬೇಡ ಕಣೇ, ನನಗೆ ಸರಿ ಕಾಣಲ್ಲ,” ಎಂದಿದ್ದಳು. ಕಡೆಗೆ ಸಾಕಾಗಿ, “ನಿನ್ನಿಷ್ಟ” ಎಂದು ಒಪ್ಪಿದ್ದಳು. ನಿನ್ನೆಯಂತೂ ಐದನೆಯ ಭಾಗ ಶುರುವಾಗುತ್ತಿದ್ದಂತೆ ‘ಹಿಂದಿನ ಕಥೆ’ ಬಂದಾಗ, “ಗೊತ್ತಿರೋದೇ ತಾನೆ” ಎಂದು ಅದನ್ನು ಹಾರಿಸಿಬಿಟ್ಟಿದ್ದಳು. ಯಾಕೆ ಹಾರಿಸಿದಳು? ಮುದುಕಿಯನ್ನು ಮುಳ್ಳಿಗೆ ನೂಕುವಾಗ ಬೆಚ್ಚಿ ಬಿದ್ದಂತೆ ಮಾಡಿದ್ದೂ ನಾಟಕವೇ ಇರಬೇಕು.

ಒಂದು ಆಟಕ್ಕೆ ಇಷ್ಟೆಲ್ಲ ಬೇಕೇ ಎಂದು ಅವಳಿಗೂ ಒಮ್ಮೆ ಅನ್ನಿಸಿತು. ಆದರೂ ಫೋನು ತೆಗೆದುಕೊಂಡಳು.

“ಬುಧವಾರ ಮನೆಗೆ ಬಂದಿದ್ಯಾ?”

“ಇಲ್ವಲ್ಲ. ಯಾಕೆ?”

“ಕತ್ತರಿ ಬದಲಾಯಿಸಿದ್ದು ನೀನೇ ತಾನೆ?”

ತಂಗಿ ನಕ್ಕಳು. “ನನಗೇನು ಬೇರೆ ಕೆಲಸ ಇಲ್ವಾ? ನಾನು ಮುಟ್ಟಿಲ್ಲ.”

ಆ ನಗು ಅಕ್ಕನ ಮೈ ಉರಿಸಿತು. “ಎದುರಿಗೆ ಹೂಂ ಅನ್ನೋದು, ಹಿಂದೆ ಹೋಗಿ ನಿನಗೆ ಬೇಕಾದ್ದು ಮಾಡೋದು. ಹಳೇ ಚಾಳಿ ನಿಂದು. ಅಮ್ಮನಿಗೆ ಡಾಕ್ಟರ್ ಹೇಳಿದ್ದನ್ನ ಊದಿದೋಳೂ ನೀನೇ ಅಲ್ವಾ?”

ಅಂಗಡಿಯ ಗಾಜು ಉಜ್ಜುವ ಯಂತ್ರದ ಸದ್ದಿನ ನಡುವೆ ಫೋನು ಕಟ್ಟಾಯಿತು.

ಆರು ವರ್ಷದ ಹಿಂದಿನ ಮಾತು ಅದು. ಅಮ್ಮನಿಗೆ ಉಳಿದಿರುವುದು ಒಂದೆರಡು ತಿಂಗಳು ಎಂದು ಡಾಕ್ಟರ್ ಹೇಳಿದಾಗ, ಅವಳಿಗೆ ತಿಳಿಸುವುದು ಬೇಡವೆಂದು ಅಕ್ಕ ಹಟ ಹಿಡಿದಿದ್ದಳು. ತಂಗಿಗೆ ಅದು ಇಷ್ಟವಿರಲಿಲ್ಲ. ಆಮೇಲೊಂದು ದಿನ ಅಮ್ಮ ತಾನಾಗಿಯೇ ಬೀರುವಿನ ಬೀಗದ ಕೈ ತಂದು ಅಕ್ಕನ ಕೈಗಿಟ್ಟು, “ಇನ್ನು ಇದು ನಿನ್ನ ಹತ್ರ ಇರ್ಲಿ” ಎಂದಿದ್ದಳು. ಯಾರೋ ಹೇಳಿಬಿಟ್ಟಿದ್ದಾರೆಂದು ಅಕ್ಕನಿಗೆ ಆಗಲೇ ಗೊತ್ತಾಗಿತ್ತು. ಯಾರು ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

ಅಪ್ಪ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದರು.

“ಅವಳನ್ನ ಯಾಕಮ್ಮ ಬೈದೆ?”

“ನಿಮಗೆ ಇದೆಲ್ಲ ಅರ್ಥ ಆಗಲ್ಲ ಅಪ್ಪ. ಆಟದ್ದು.”

“ಅರ್ಥ ಆಗುತ್ತೆ.” ಅವರು ಬಟ್ಟೆಗಳನ್ನು ಕುರ್ಚಿಯ ಮೇಲಿಟ್ಟರು. “ಕತ್ತರಿ ಕೊಟ್ಟಿದ್ದು ನಾನು.”

ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಟೈಪು ಮಾಡಿದವರು ಅಪ್ಪ. ಭಾನುವಾರ ಮಕ್ಕಳು ಆಡುವಾಗ ಪೇಪರು ಹಿಡಿದುಕೊಂಡೇ ಎಲ್ಲ ನೋಡುತ್ತಿದ್ದರಂತೆ. ಸಾಕ್ಷಿಯನ್ನು ಬಾವಿಗೆ ಎಸೆದದ್ದು ಅವರಿಗೆ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಬುಧವಾರಗಳಂದು ಲೈಬ್ರರಿಗೆ ರಜೆ, ಹೋಗಲು ಬೇರೆ ಕಡೆಯಿಲ್ಲ. ಕೂತು ಕಲಿತು, ಉಳಿದ ಉತ್ತರಗಳನ್ನೆಲ್ಲ ಮಕ್ಕಳು ಕೊಟ್ಟಂತೆಯೇ ಕೊಟ್ಟು, ಅದೊಂದನ್ನು ಮಾತ್ರ ತಿದ್ದಿದ್ದರು.

“ನಿಜ ಹೇಳಿದ್ರೆ ನಿಜವಾದ ಅಪರಾಧಿ ಸಿಗ್ತಾನೆ ಅಂದುಕೊಂಡೆ. ಆ ಮುದುಕಿಗೆ ಹಾಗೆ ಮಾಡ್ತಾರೆ ಅಂತ ನನಗೇನು ಗೊತ್ತು? ನಿನ್ನೆಯಿಂದ ಅನ್ನ ಸೇರ್ತಿಲ್ಲ.”

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಿನ್ನೆನೇ ಹೇಳೋದಲ್ವಾ ಅಪ್ಪ?”

“ನಾಚಿಕೆ ಆಯ್ತು.” ಅಪ್ಪ ಒಂದು ಅಂಗಿಯನ್ನು ಮಡಚಿದರು, ಮತ್ತೆ ಬಿಚ್ಚಿದರು. “ನಿಮ್ಮಮ್ಮನಿಗೆ ಹೇಳಿದ್ದೂ ನಾನೇ. ಅವಳಲ್ಲ.”

ಮರುದಿನ ಅಕ್ಕ ಅರ್ಧ ದಿನ ರಜೆ ಹಾಕಿ ಕನ್ನಡಕದ ಅಂಗಡಿಗೆ ಹೋದಳು. ತಂಗಿ ಒಂದು ಗಾಜನ್ನು ಬೆಳಕಿಗೆ ಹಿಡಿದು ಗೀರು ಇದೆಯೇ ಎಂದು ನೋಡುತ್ತಿದ್ದಳು. ಅಕ್ಕನನ್ನು ಕಂಡೂ ಆ ಕೆಲಸ ಮುಗಿಸಿಯೇ ಈಚೆ ಬಂದಳು.

“ಅಪ್ಪ ಎಲ್ಲಾ ಹೇಳಿದ್ರು,” ಎಂದಳು ಅಕ್ಕ. “ತಪ್ಪಾಯ್ತು ಕಣೇ. ಎರಡೂ ವಿಷಯದಲ್ಲಿ.”

“ಅಮ್ಮನ ವಿಷಯ ನನಗೆ ಆವತ್ತೇ ಗೊತ್ತಿತ್ತು. ಅಪ್ಪ ರೂಮಿಂದ ಹೊರಗೆ ಬಂದಾಗ ಅವರ ಮುಖ ನೋಡಿದ್ದೆ.”

“ಮತ್ತೆ ಆರು ವರ್ಷ ಯಾಕೆ ಬಾಯಿ ಬಿಡಲಿಲ್ಲ?”

“ನೀನು ಕೇಳಿದ್ದರೆ ತಾನೆ? ಆವತ್ತಿಂದ ನನ್ನ ಜೊತೆ ಒಂಥರಾ ತೂಗಿ ತೂಗಿ ಮಾತಾಡ್ತಿದ್ದೆ. ನಾನೇ ಅಂತ ತೀರ್ಮಾನ ಮಾಡಿಟ್ಟಿದೀಯ ಅಂತ ಗೊತ್ತಾಗ್ತಿತ್ತು.” ತಂಗಿ ಕೈಗಂಟಿದ ಗಾಜಿನ ಪುಡಿಯನ್ನು ಒರೆಸಿಕೊಂಡಳು. “ಅಪ್ಪ ಒಪ್ಪಿಕೊಳ್ಳೋಕೆ ಮುಂಚೆ ಬಂದಿದ್ರೆ ಚೆನ್ನಾಗಿರ್ತಿತ್ತು ಅಕ್ಕ. ಈಗ ಬಂದಿದೀಯ, ಸರಿ. ಗಿರಾಕಿ ಕಾಯ್ತಿದಾರೆ.”

ಆ ಭಾನುವಾರ ಅವಳು ಬರಲಿಲ್ಲ. ಮುಂದಿನದಕ್ಕೂ ಇಲ್ಲ. ಮೂರನೆಯ ಭಾನುವಾರ, ಕರೆಯದೆಯೇ ಬಂದಳು. ಊಟವಾದ ಮೇಲೆ ಟಿವಿ ಯಾರೂ ಹಾಕಲಿಲ್ಲ. ತಂಗಿ ಅಪ್ಪನ ಹಳೆಯ ಕನ್ನಡಕದ ಸಡಿಲವಾದ ಸ್ಕ್ರೂ ಬಿಗಿ ಮಾಡುತ್ತ ಕೂತಳು. ಅಕ್ಕನೊಡನೆ ಮಾತಾಡಿದಳು, ಆದರೆ ಎರಡೇ ಮಾತು. ನಂಬಿಕೆ ಇನ್ನೂ ಪೂರ್ತಿ ಬಂದಿರಲಿಲ್ಲವೆಂದು ಅಕ್ಕನಿಗೆ ತಿಳಿಯಿತು.

“ಅಪ್ಪ,” ಎಂದಳು ಅಕ್ಕ ಕೊನೆಗೆ, “ನೀವು ಹೇಳಿದಾಗ ಅಮ್ಮ ಏನಂದ್ಲು?”

ಅಪ್ಪ ಕನ್ನಡಕವಿಲ್ಲದ ಕಣ್ಣುಗಳಿಂದ ಇಬ್ಬರನ್ನೂ ನೋಡಿದರು.

“ಅವಳೇ ಕೇಳಿದ್ಲು, ಎಷ್ಟು ದಿನ ಅಂತ. ಹೇಳಿದೆ. ಆಮೇಲೆ ಅಂದ್ಲು, ‘ನನಗೆ ಗೊತ್ತಾಗಿದೆ ಅಂತ ಹುಡುಗೀರಿಗೆ ಹೇಳ್ಬೇಡಿ. ಪಾಪ, ಎಷ್ಟು ಕಷ್ಟಪಟ್ಟು ಮುಚ್ಚಿಡ್ತಿದಾರೆ.’”