ಎರಡೇ ನಿಮಿಷದ ಸನ್ಮಾನ

ಅಂಡರ್‌ಆರ್ಮ್ ಆಟಕ್ಕೆ ಈ ಜಗತ್ತಿನಲ್ಲಿ ಮರ್ಯಾದೆಯಿಲ್ಲ ಎನ್ನುವುದು ಲಕ್ಷ್ಮೀಪತಿಯ ಬಹುಕಾಲದ ಕೊರಗು. ಕೈಯನ್ನು ಭುಜದಿಂದ ಮೇಲೆತ್ತದೆ ಕೆಳಗಿನಿಂದಲೇ ಚೆಂಡೆಸೆಯುವ ಈ ಕ್ರಿಕೆಟ್ಟನ್ನು ಕರಾವಳಿಯವರು ಕೊಯ್ಲಾದ ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ, ದೀಪ ಕಟ್ಟಿ, ಮೈಕು ಇಟ್ಟು ಹಬ್ಬದ ಹಾಗೆ ಆಡುತ್ತಾರೆ. ಪಡುಬಿದ್ರಿಯಿಂದ ಮೂಲ್ಕಿಯವರೆಗೆ ಒಂದು ಕಾಲದಲ್ಲಿ ಲಕ್ಷ್ಮೀಪತಿ ಚೆಂಡು ಕೈಗೆತ್ತಿಕೊಂಡರೆ ಬ್ಯಾಟು ಹಿಡಿದವರ ಬಾಯಿ ಒಣಗುತ್ತಿತ್ತು. ಆದರೆ ಕೆಲಸದ ಸಂದರ್ಶನದಲ್ಲಿ ಯಾರೊಬ್ಬರೂ ಅದನ್ನು ಕೇಳಲಿಲ್ಲ. ಹೆಣ್ಣು ನೋಡಲು ಹೋದಾಗ ಮಾವನಾಗುವವರು ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು, "ಅದಾಯ್ತು, ಹೊಟ್ಟೆಗೆಂತ ಮಾಡ್ತೀರಿ?" ಎಂದಿದ್ದರು.

ಹೊಟ್ಟೆಗೆಂದು ಅವನು ದೋಹಾಕ್ಕೆ ಬಂದ. ವೆಸ್ಟ್ ಬೇಯ ಒಂದು ಗೋಪುರದಲ್ಲಿ ಕುಳಿತು ಕಂಪನಿಗೆ ಪೈಪು, ಕೇಬಲ್ಲು ಖರೀದಿಸುವ ಕೆಲಸ. ಅಲ್ ಸದ್ದ್‌ನಲ್ಲಿ ಫ್ಲ್ಯಾಟು. ಗೆದ್ದ ಟ್ರೋಫಿಗಳ ಪೈಕಿ ಜೊತೆಗೆ ಬಂದದ್ದು ಒಂದೇ. ಅದರಲ್ಲಿ ಹೆಂಡತಿ ಶರ್ಮಿಳಾ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಡುತ್ತಿದ್ದಳು.

ಹೀಗಿರುವಾಗ ಮಗಳು ಜ್ಯೋತ್ಸ್ನಾ ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಸೇರಿದಳು. ಅವಳದು ಅಮೆರಿಕದ ಪಠ್ಯಕ್ರಮದ ಶಾಲೆ. ಆಟ ಎಂಥದ್ದೆಂದು ತಿಳಿಯದೆ, ಮೊಬೈಲ್ ನೋಡುತ್ತ ಮೆಟ್ಟಿಲ ಮೇಲೆ ಕುಳಿತಿದ್ದ ಲಕ್ಷ್ಮೀಪತಿ ಒಮ್ಮೆ ತಲೆಯೆತ್ತಿದ. ಮೈದಾನದ ನಡುವೆ ನಿಂತ ಮಗಳು ಕೈಯನ್ನು ಒಂದು ಸುತ್ತು ತಿರುಗಿಸಿ ಚೆಂಡನ್ನು ಸೊಂಟದ ಹತ್ತಿರದಿಂದ ಬಿಟ್ಟಳು. ಕೆಳಗಿನಿಂದ! ಅಂಪೈರು ತಪ್ಪೆನ್ನಲಿಲ್ಲ, ಯಾರೂ ನಗಲಿಲ್ಲ, ಬದಲಿಗೆ ಅಮೆರಿಕದ ತಾಯಂದಿರು ಚಪ್ಪಾಳೆ ತಟ್ಟಿದರು. ಲಕ್ಷ್ಮೀಪತಿ ಎದ್ದು ನಿಂತುಬಿಟ್ಟ. ಇಷ್ಟು ವರ್ಷ ಅಂಡರ್‌ಆರ್ಮಿಗೆ ಗೌರವವಿದ್ದ ದೇಶವೊಂದು ಭೂಮಿಯ ಮೇಲೆ ಇದ್ದದ್ದನ್ನು ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಅವನಿಗೆ ದುಃಖವೂ ಆಯಿತು.

ಅಂದಿನಿಂದ ಸಂಜೆ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಅಪ್ಪ ಮಗಳ ಅಭ್ಯಾಸ. ಕೈ ತಿರುಗಿಸುವ ಅಮೆರಿಕನ್ ಕ್ರಮವನ್ನು ಶಾಲೆಯ ಆಟದ ಟೀಚರು ರೋಸ್‌ಮೇರಿ ಕಲಿಸಿದ್ದರು. ಚೆಂಡು ಬಿಡುವ ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಚಕ್ಕನೆ ಮಡಚುವ ಪಡುಬಿದ್ರಿಯ ಕ್ರಮವನ್ನು ಅಪ್ಪ ಸೇರಿಸಿದ. ಚೆಂಡು ನೆಟ್ಟಗೆ ಬಂದು ಕೊನೆಗೆ ತನಗೆ ಬೇರೆ ಕೆಲಸವಿದೆ ಎಂಬಂತೆ ಪಕ್ಕಕ್ಕೆ ಹೋಗುತ್ತಿತ್ತು. ಅಮೆರಿಕದ ಕಾಲೇಜುಗಳು ಆಟ ನೋಡಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ ಎಂದು ಜ್ಯೋತ್ಸ್ನಾ ಯಾವಾಗಲೋ ಹೇಳಿದ್ದೇ ಸಾಕು, ಲಕ್ಷ್ಮೀಪತಿ ಅವಳನ್ನು ಮನಸ್ಸಿನಲ್ಲೇ ವಿಮಾನ ಹತ್ತಿಸಿಬಿಟ್ಟ. ಜ್ಯೋತ್ಸ್ನಾಳ ಆಸೆ ಅಷ್ಟು ಗದ್ದಲದ್ದಲ್ಲ. ಆದರೆ ಒಂದು ಸಣ್ಣ ಊರಿನ ಒಂದು ಕಾಲೇಜು ಅವಳ ಮನಸ್ಸಿಗೆ ಹಿಡಿಸಿತ್ತು. ಅಲ್ಲಿ ಓದುತ್ತಲೇ ಆಡಬಹುದಿತ್ತು, ಅವಳಿಗೆ ಅದು ನಿಜವಾಗಿ ಬೇಕಾಗಿತ್ತು.

ತಣ್ಣೀರೆರಚಿದವನು ಮೇಲಿನ ಮಹಡಿಯ ಯೂಸ್ಟೇಸ್. ಮಂಗಳೂರಿನ ಬೊಂದೇಲಿನವನು, ಸ್ವಂತ ಮಕ್ಕಳಿಲ್ಲದ್ದರಿಂದ ಎಲ್ಲರ ಮಕ್ಕಳ ಭವಿಷ್ಯದ ಬಗ್ಗೆಯೂ ಖಚಿತ ಅಭಿಪ್ರಾಯ ಉಳ್ಳವನು. ಟೆಕ್ಸಾಸಿನಲ್ಲಿದ್ದ ತಂಗಿಯನ್ನು ವಿಚಾರಿಸಿ ಬಂದು ಲಿಫ್ಟಿನಲ್ಲೇ ವರದಿ ಒಪ್ಪಿಸಿದ: "ಶಾಲೆಯಲ್ಲಿ ಆಡಿದ್ದನ್ನು ಅಲ್ಲಿ ಯಾರೂ ಮೂಸಿ ಸಹ ನೋಡುದಿಲ್ಲ ಮಾರಾಯ. ಕ್ಲಬ್ಬಲ್ಲಿ ಆಡ್ಬೇಕು, ಊರೂರು ತಿರುಗ್ಬೇಕು. ಇಲ್ಲಿ ಇರುದು ಬೆರಳೆಣಿಕೆಯ ಟೀಮು. ಇದರ ಲೆಕ್ಕ ಯಾರು ಇಡ್ತಾರೆ?"

ಲಕ್ಷ್ಮೀಪತಿ ತನ್ನ ಮಹಡಿ ಬಂದರೂ ಇಳಿಯುವುದನ್ನು ಮರೆತ. ತನ್ನ ಆಟ ಲೆಕ್ಕಕ್ಕೆ ಬರಲಿಲ್ಲ, ಹೋಗಲಿ; ಮಗಳದ್ದೂ ಬರುವುದಿಲ್ಲವೇ? ಮರುದಿನ ಆಫೀಸಿನಲ್ಲಿ ಕೇಬಲ್ಲಿನ ಕೊಟೇಶನ್ನುಗಳನ್ನು ಬದಿಗಿಟ್ಟು, ಮಗಳು ಮೆಚ್ಚಿದ ಆ ಕಾಲೇಜಿನ ಸಾಫ್ಟ್‌ಬಾಲ್ ಕೋಚಿಗೆ ನೇರವಾಗಿ ಮೇಲ್ ಬರೆದ. ಜೊತೆಗೆ ವಿಡಿಯೊ. ಮದುವೆ ವಿಡಿಯೊ ಮಾಡುವ ಗೆಳೆಯನಿಂದ ಮಾಡಿಸಿದ್ದರಿಂದ ಜ್ಯೋತ್ಸ್ನಾ ಮೊದಲು ಗುಲಾಬಿ ಹೂವಿನೊಳಗಿಂದ ಅರಳಿ ಬರುತ್ತಿದ್ದಳು, ಚೆಂಡು ಆಮೇಲೆ ಬರುತ್ತಿತ್ತು. ಕೋಚ್ ಮೇಡಂ ಅದನ್ನೂ ನೋಡಿದರು. ವೆಸ್ಟ್ ಬೇಯ ಹೋಟೆಲಿನಲ್ಲಿ ನಡೆಯುವ ಕಾಲೇಜು ಮೇಳಕ್ಕೆ ಹೇಗೂ ತಾನು ಬರುವವಳಿದ್ದೇನೆ, ಸಣ್ಣ ಕಾಲೇಜಾದ್ದರಿಂದ ಪ್ರವೇಶದ ಕೆಲಸವೂ ತನ್ನದೇ, ಶನಿವಾರ ಶಾಲೆಯ ಪಂದ್ಯವಿದ್ದರೆ ನೋಡುತ್ತೇನೆ ಎಂದು ಉತ್ತರಿಸಿದರು. ಲಕ್ಷ್ಮೀಪತಿ ಆ ಉತ್ತರವನ್ನು ಯೂಸ್ಟೇಸನಿಗೆ ಲಿಫ್ಟಿನಲ್ಲೇ ಓದಿಸಿದ.

ಜ್ಯೋತ್ಸ್ನಾ ಖುಷಿಗಿಂತ ಹೆಚ್ಚಾಗಿ ಹೆದರಿದಳು. ಊಟದ ಹೊತ್ತಿಗೆ ಅಪ್ಪನನ್ನು ಎದುರು ಕೂರಿಸಿಕೊಂಡು ನಿಯಮ ವಿವರಿಸಿದಳು. ಶಾಲೆಯ ಪಂದ್ಯಕ್ಕೆ ಹೊತ್ತಿನ ಮಿತಿ ಇದೆ. ಮಿತಿ ಮುಗಿದ ಮೇಲೆ ಹೊಸ ಇನ್ನಿಂಗ್ಸ್ ಶುರು ಮಾಡುವಂತಿಲ್ಲ. ಏನೇ ಆದರೂ ಅಂಪೈರಿನ ಗಡಿಯಾರ ನಿಲ್ಲುವುದಿಲ್ಲ. "ಪಪ್ಪ, ಪ್ಲೀಸ್. ನೀವು ಸುಮ್ಮನೆ ಕೂತು ನೋಡಿ, ಅಷ್ಟೇ." ವಿಮಾನದಲ್ಲಿ ಬೆಲ್ಟು ಕಟ್ಟುವ ವಿಧಾನ ತೋರಿಸುವಾಗ ತಲೆಯಾಡಿಸುವಂತೆ ಲಕ್ಷ್ಮೀಪತಿ ತಲೆಯಾಡಿಸಿದ.

ಅವನ ತಲೆಯೊಳಗೆ ಆಗಲೇ ಬೇರೆ ಯೋಚನೆ ಓಡುತ್ತಿತ್ತು. ಅಷ್ಟು ದೂರದಿಂದ ಒಬ್ಬರು ಆಟ ನೋಡಲು ಬರುವಾಗ ಅವರನ್ನು ಬೆಂಚಿನ ಮೇಲೆ ಕೂರಿಸಿ ಹಾಗೇ ಕಳಿಸುವುದೇ? ಅವನು ಕಂಡ ಯಾವ ಪಂದ್ಯವೂ ಹಾಗೆ ನಡೆದದ್ದಿಲ್ಲ. ಅತಿಥಿ ಬಂದರೆ ಆಟ ನಿಲ್ಲಬೇಕು, ಎರಡೂ ತಂಡ ಸಾಲಾಗಿ ನಿಲ್ಲಬೇಕು, ಅತಿಥಿ ಎಲ್ಲರ ಕೈ ಕುಲುಕಬೇಕು, ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಎರಡು ಮಾತು. ಅದಿಲ್ಲದಿದ್ದರೆ ಸಂಘಟಕರಿಗೆ ಸಂಸ್ಕಾರವಿಲ್ಲ ಎಂದು ಊರೇ ಆಡಿಕೊಳ್ಳುತ್ತದೆ. ಶರ್ಮಿಳಾ ಕಪಾಟು ತೆರೆದಳು. ದೋಹಾದ ಕರಾವಳಿಗರ ಸಂಘದ ಕಾರ್ಯಕ್ರಮಗಳಲ್ಲಿ ಗಂಡನಿಗೆ ಹೊದೆಸಿದ ಶಾಲುಗಳೇ ಒಂದು ಅಟ್ಟಿ ಇದ್ದವು. ನುಸಿಗುಳಿಗೆಯ ವಾಸನೆ ಕಡಿಮೆ ಇದ್ದದ್ದನ್ನು ಆರಿಸಿ ಇಸ್ತ್ರಿ ಹಾಕಿದಳು. ಮಗಳಿಗೆ ಹೇಳೋಣವೇ ಎಂದು ಕೇಳಿದಳು. ಸರ್‌ಪ್ರೈಸ್ ಇರಲಿ ಎಂದ ಲಕ್ಷ್ಮೀಪತಿ.

ಶನಿವಾರ ಬೆಳಿಗ್ಗೆ ಹಿತವಾದ ಬಿಸಿಲು. ಕೋಚ್ ಮೇಡಂ ಟೊಪ್ಪಿ ಹಾಕಿ, ಮಡಚುವ ಕುರ್ಚಿಯಲ್ಲಿ, ಕಾಲಮೇಲೆ ಕಾಲು ಹಾಕಿ ಕುಳಿತಿದ್ದರು. ಲಕ್ಷ್ಮೀಪತಿ ಸಂಘದ ಒಂದಷ್ಟು ಮಂದಿಯನ್ನು ಕರೆತಂದಿದ್ದ. ಯೂಸ್ಟೇಸ್ ಕರೆಯದೆಯೇ ಬಂದಿದ್ದ. ಕೈಯಲ್ಲಿ ಹಿಡಿಯುವ ಮೈಕು ಮತ್ತು ಸೂಟ್‌ಕೇಸಿನಷ್ಟು ದೊಡ್ಡ ಸ್ಪೀಕರಿನೊಂದಿಗೆ ಕೃತಿಕ್ ಬಂದ. ವಾರದ ದಿನಗಳಲ್ಲಿ ಅವನು ಕಂಪ್ಯೂಟರ್ ರಿಪೇರಿ ಮಾಡುವ ಮೌನಿ. ರಜಾದಿನದಲ್ಲಿ ದೋಹಾದ ಕರಾವಳಿಗರ ಸಕಲ ಪಂದ್ಯಗಳ ವೀಕ್ಷಕ ವಿವರಣೆಗಾರ.

"ಪಡುಬಿದ್ರಿಯ ಮಣ್ಣಿನ ಹೆಮ್ಮೆ, ದಾಂಡಿಗರ ಸಿಂಹಸ್ವಪ್ನ ಲಕ್ಷ್ಮೀಪತಿಯವರ ಸುಪುತ್ರಿ ಈಗ ಚೆಂಡಿನೊಂದಿಗೆ..." ಎಂದು ಸ್ಪೀಕರು ಗುಡುಗಿದ್ದೇ ತಡ, ರೋಸ್‌ಮೇರಿ ಟೀಚರು ಓಡಿಬಂದು ಸದ್ದು ಇಳಿಸಿದರು. ಜ್ಯೋತ್ಸ್ನಾ ಅಪ್ಪನ ಕಡೆ ಒಂದು ನೋಟ ಬೀರಿ, ಚೆಂಡು ಎಸೆದಳು. ಚೆನ್ನಾಗಿಯೇ ಎಸೆದಳು. ಮುಫೀದಾ ಎಂಬ ಕಾಸರಗೋಡಿನ ಕಡೆಯ ಹುಡುಗಿ ಬ್ಯಾಟು ಹಿಡಿದವರ ಹಿಂದೆ ಕುಳಿತು ಚೆಂಡು ಹಿಡಿಯುವವಳು. ಇಬ್ಬರಿಗೂ ಕಣ್ಣಿನಲ್ಲೇ ಮಾತು. ಆದರೂ ಎದುರಾಳಿಗಳಿಗೆ ಒಂದು ರನ್ನು ಹೆಚ್ಚು ಬಂತು. ಒಂದು ಇನ್ನಿಂಗ್ಸ್ ಮುಗಿದು ಇನ್ನೊಂದಕ್ಕೆ ತಯಾರಾಗುವ ಸಣ್ಣ ವಿರಾಮ ಬಂತು. ಇನ್ನೊಂದು ಇನ್ನಿಂಗ್ಸಿಗೆ ಹೊತ್ತು ಇತ್ತು, ಅದು ಸಿಕ್ಕರೆ ಸರಿಗಟ್ಟಬಹುದಿತ್ತು. ಬ್ಯಾಟು ಹಿಡಿಯುವ ಸರದಿಯಲ್ಲಿ ಮೊದಲ ಹೆಸರು ಜ್ಯೋತ್ಸ್ನಾಳದ್ದೇ.

ಲಕ್ಷ್ಮೀಪತಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಕಾಣಲಿಲ್ಲ. ರೋಸ್‌ಮೇರಿಯ ಬಳಿ ಹೋಗಿ, "ಎರಡೇ ನಿಮಿಷ ಟೀಚರ್," ಎಂದ. ರೋಸ್‌ಮೇರಿ ಮೂಲ್ಕಿ ಹತ್ತಿರದ ಕಿನ್ನಿಗೋಳಿಯವರು. ಈ ಎರಡು ನಿಮಿಷ ಎಷ್ಟು ಉದ್ದದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಷ್ಟರಲ್ಲಿ ಕೃತಿಕ್ ಎರಡೂ ತಂಡಗಳನ್ನು ಮೈದಾನದ ನಡುವೆ ಸಾಲಾಗಿ ನಿಲ್ಲಲು ಆಹ್ವಾನಿಸಿ ಆಗಿತ್ತು, ಸಂಘದ ಅಧ್ಯಕ್ಷರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು, ಶರ್ಮಿಳಾ ಹಾರದೊಂದಿಗೆ ಹೊರಟಿದ್ದಳು.

ಸ್ವಾಗತ ಆಯಿತು. ಕೋಚ್ ಮೇಡಮ್ಮಿನ ಜೀವನ ಸಾಧನೆಯನ್ನು ಕೃತಿಕ್ ಕಾಲೇಜಿನ ವೆಬ್‌ಸೈಟಿನಿಂದ ಓದಿದ, ಫೋನ್ ನಂಬರ್ ಸಮೇತ. ಅವರು ಎರಡೂ ಸಾಲಿನ ಪ್ರತಿ ಹುಡುಗಿಯ ಕೈ ಕುಲುಕಿದರು. ಎದುರಾಳಿ ತಂಡದ ಮಕ್ಕಳು ಇದು ಕತಾರಿನ ಪದ್ಧತಿಯಿರಬೇಕೆಂದು ಭಕ್ತಿಯಿಂದ ನಿಂತರು. ಶಾಲು ಹೊದೆಸುವ ಫೋಟೊ ಮೊದಲ ಸಲ ಸರಿಯಾಗಿ ಬರಲಿಲ್ಲವೆಂದು ಶಾಲನ್ನು ತೆಗೆದು ಮತ್ತೊಮ್ಮೆ ಹೊದೆಸಲಾಯಿತು. ಅಧ್ಯಕ್ಷರ ಎರಡು ಮಾತು ಕರಾವಳಿಯ ಇತಿಹಾಸದಿಂದ ಆರಂಭವಾಯಿತು. ಅಂಪೈರು ಫಿಲಿಪ್ಪೀನ್ಸಿನವರು, ತುಂಬ ಸಭ್ಯ ಮನುಷ್ಯ. ಭಾಷಣದ ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು ಗಡಿಯಾರವನ್ನೇ ನೋಡುತ್ತ ನಿಂತಿದ್ದರು. ಸಾಲಿನಲ್ಲಿ ನಿಂತ ಜ್ಯೋತ್ಸ್ನಾಳೂ ಅದೇ ಗಡಿಯಾರವನ್ನು ನೋಡುತ್ತಿದ್ದಳು.

ವಂದನಾರ್ಪಣೆ ಮುಗಿದು, ಲಕ್ಷ್ಮೀಪತಿ ಕೈ ಉಜ್ಜಿಕೊಂಡು, "ಯಲ್ಲಾ, ನಡೀರಿ, ಇನ್ನು ಆಟ," ಎಂದಾಗ ಅಂಪೈರು ವಿನಯದಿಂದ ಗಡಿಯಾರ ತೋರಿಸಿದರು.

"ಟೈಮ್ ಮುಗಿಯಿತು ಸರ್. ಖಲಾಸ್."

ಮೊದಲು ಲಕ್ಷ್ಮೀಪತಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಸ್ಕೋರು ಬೋರ್ಡಿನ ಕಡೆ ತಿರುಗಿದ. ಒಂದು ರನ್ನಿನಿಂದ ಮಗಳ ತಂಡ ಸೋತಿತ್ತು, ಸೋಲಿಸಿದವನು ಎದುರಾಳಿಯಲ್ಲ. ಮುಫೀದಾ ಕೈಗವಸು ಕಿತ್ತು ನೆಲಕ್ಕೆ ಬಡಿದಳು. ಒಂದಿಬ್ಬರು ಹುಡುಗಿಯರು ಅತ್ತರು. ಲಕ್ಷ್ಮೀಪತಿ ಮಗಳ ಮುಖ ನೋಡಲಾರದೆ ನೋಡಿದ. ಅವಳು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡಳು. ಮುಫೀದಾಳ ಕೈಗವಸು ಹೆಕ್ಕಿ, ಮಣ್ಣು ಒರೆಸಿ ಅವಳಿಗೇ ಕೊಟ್ಟಳು, ಏನೋ ಹೇಳಿದಳು, ಮುಫೀದಾ ಅಳುವಿನ ನಡುವೆ ನಕ್ಕಳು. ತಂಡವನ್ನು ಕರೆದುಕೊಂಡು ಹೋಗಿ ಗೆದ್ದವರಿಗೆ ಕೈ ಕೊಟ್ಟಳು. ಅಂಪೈರಿಗೂ ಥ್ಯಾಂಕ್ಸ್ ಹೇಳಿದಳು. ಆಮೇಲೆ ಅಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಪಪ್ಪ, ಆ ಸ್ಪೀಕರ್ ಆಫ್ ಮಾಡ್ಸಿ," ಎಂದಷ್ಟೇ ಹೇಳಿ ಬ್ಯಾಟುಗಳನ್ನು ಚೀಲಕ್ಕೆ ತುಂಬಲು ಹೋದಳು.

ಬೈದಿದ್ದರೆ ಲಕ್ಷ್ಮೀಪತಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವನು ನೇರವಾಗಿ ಕೋಚ್ ಮೇಡಮ್ಮಿನ ಮುಂದೆ ಹೋಗಿ ನಿಂತ. ತಪ್ಪು ಪೂರ್ತಿ ತನ್ನದು, ಹುಡುಗಿಗೆ ಏನೂ ಗೊತ್ತಿರಲಿಲ್ಲ, ಇದನ್ನು ಅವಳ ಮೇಲೆ ಹಾಕಬೇಡಿ ಎಂದು ತನ್ನ ಆಫೀಸು ಇಂಗ್ಲಿಷಿನಲ್ಲಿ ಬೇಡಿಕೊಂಡ. ಕೊನೆಗೆ, ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆಯನ್ನೂ ಕೇಳಿಬಿಟ್ಟ: ಶಾಲೆಯಲ್ಲಿ ಆಡಿದ್ದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆಯೇ?

ಮೇಡಂ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡರು. ಶಾಲೆಯ ಸ್ಕೋರನ್ನು ತಾನು ನೋಡುವುದೇ ಇಲ್ಲ ಎಂದರು. ಹಿಂದೆ ನಿಂತಿದ್ದ ಯೂಸ್ಟೇಸ್ ಗಂಟಲು ಸರಿಮಾಡಿಕೊಂಡ. ವೇಗ ಎಷ್ಟು, ಚೆಂಡು ಹೇಗೆ ತಿರುಗುತ್ತದೆ ಎನ್ನುವುದೆಲ್ಲ ವಿಡಿಯೊದಲ್ಲಿ ಗೊತ್ತಾಗುತ್ತದೆ, ಗುಲಾಬಿ ಹೂವು ದಾಟಿದ ಮೇಲೆ, ಎಂದು ಮೇಡಂ ಮುಂದುವರಿಸಿದರು.

"ನಾನು ಶಾಲೆಯ ಪಂದ್ಯಕ್ಕೆ ಬರುವುದು ಬೇರೊಂದು ನೋಡಲು," ಎಂದರು. "ಎಲ್ಲ ಕೆಟ್ಟುಹೋದಾಗ ಹುಡುಗಿ ತನ್ನ ಜೊತೆಯವರ ಹತ್ತಿರ ಹೇಗಿರುತ್ತಾಳೆ ಅಂತ. ಅದು ಸಿಗಲು ಎಷ್ಟೋ ಪಂದ್ಯ ಕಾಯಬೇಕಾಗುತ್ತದೆ. ನೀವು ಒಂದೇ ಬೆಳಗಿನಲ್ಲಿ ಕೆಡಿಸಿ ತೋರಿಸಿದಿರಿ."

ಹೊಗಳಿದ್ದೋ ಬೈದದ್ದೋ ತಿಳಿಯದೆ ಲಕ್ಷ್ಮೀಪತಿ ಎರಡಕ್ಕೂ ಸೇರಿಸಿ ಥ್ಯಾಂಕ್ಯೂ ಹೇಳಿದ. ಸೀಟಿನ ಮಾತು ಈಗಲೇ ಕೊಡಲಾರೆ, ಅಂಕಪಟ್ಟಿ ನೋಡಬೇಕು, ಆದರೆ ಈ ಹುಡುಗಿಯನ್ನು ಮರೆಯುವುದಿಲ್ಲ ಎಂದರು ಮೇಡಂ. ಕಾಲೇಜಿನ ನಿಯಮದಂತೆ ಉಡುಗೊರೆ ಪಡೆಯುವಂತಿಲ್ಲವಂತೆ. ಹಣ್ಣಿನ ಬುಟ್ಟಿಯನ್ನು ಎರಡೂ ತಂಡದ ಮಕ್ಕಳ ನಡುವೆ ಇಟ್ಟರು, ಶಾಲನ್ನು ಚೆನ್ನಾಗಿ ಮಡಚಿ ಲಕ್ಷ್ಮೀಪತಿಯ ಕೈಗೇ ಕೊಟ್ಟರು. ಹೊರಡುವ ಮೊದಲು ಜ್ಯೋತ್ಸ್ನಾಳನ್ನು ಬದಿಗೆ ಕರೆದು ಸ್ವಲ್ಪ ಹೊತ್ತು ಮಾತಾಡಿದರು. ಲಕ್ಷ್ಮೀಪತಿ ಅಷ್ಟು ದೂರದಿಂದ ತುಟಿ ಓದಲು ನೋಡಿದ, ಆಗಲಿಲ್ಲ.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಜ್ಯೋತ್ಸ್ನಾ ಎ.ಸಿ.ಯ ಚಳಿಗೆ ಅದೇ ಶಾಲನ್ನು ಹೊದ್ದು ಕಿಟಕಿಯಾಚೆ ನೋಡುತ್ತಿದ್ದಳು. ಅಲ್ ಸದ್ದ್‌ನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳೇ ಬಾಯಿ ತೆರೆದಳು.

"ಚೆಂಡು ಬಿಡುವಾಗ ನಾನು ಕೈ ಮಡಚ್ತೇನಲ್ಲ, ಅದನ್ನು ಯಾರು ಕಲಿಸಿದ್ದು ಕೇಳಿದ್ರು. ಅವರು ಎಲ್ಲಿಯೂ ಹಾಗೆ ನೋಡ್ಲಿಲ್ಲಂತೆ. ಪಪ್ಪ ಅಂತ ಹೇಳಿದೆ."

ಲಕ್ಷ್ಮೀಪತಿಯ ಕನ್ನಡಕ ಮಂಜಾಯಿತು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಒಬ್ಬರು ಕೇಳಿದ್ದರು, ಉತ್ತರವಾಗಿ ಅವನ ಹೆಸರು ಬಂದಿತ್ತು. ಸಿಗ್ನಲ್ ಹಸಿರಾಗಿ ಹಿಂದಿನವರು ಹಾರ್ನು ಬಾರಿಸಿದ ಮೇಲಷ್ಟೇ ಅವನು ಗೇರು ಹಾಕಿದ. ಮತ್ತೇನು ಹೇಳಿದರು ಎಂದು ಸಾಧ್ಯವಾದಷ್ಟು ಸಹಜವಾಗಿ ಕೇಳಿದ.

"ನೀನು ನಮ್ಮ ಕಾಲೇಜಿಗೆ ಬಂದ್ರೆ, ನಿನ್ನ ಪಪ್ಪ ಸಹ ಮ್ಯಾಚ್ ನೋಡ್ಲಿಕ್ಕೆ ಬರ್ತಾರಾ ಕೇಳಿದ್ರು."

"ನೀನೆಂತ ಹೇಳಿದೆ?"

ಜ್ಯೋತ್ಸ್ನಾ ಶಾಲನ್ನು ಕಿವಿಯವರೆಗೆ ಎಳೆದುಕೊಂಡಳು.

"ವೀಸಾ ಸಿಗುದಿಲ್ಲ ಹೇಳಿದೆ."