ಉತ್ತರಕ್ಕೆ ಓಣಿ

ಎಲ್‌ಎಲ್‌ಬಿ ಮುಗಿಸಿ ಕರಿ ಕೋಟು ಹೊಲಿಸಿಕೊಂಡ ಮಾತ್ರಕ್ಕೆ ಕೆಲಸ ಸಿಗುತ್ತದೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ರುಮಾನಾಗೆ ಇದು ತಿಳಿದದ್ದು ಕೋಟು ಹೊಲಿಸಿದ ಮೇಲೆ. ಕೋಲಾರದ ಆಫೀಸುಗಳಲ್ಲಿ ಕೂರಲು ಕುರ್ಚಿಯಿಲ್ಲ ಎಂದರು. ಶ್ರೀನಿವಾಸಪುರದ ವಕೀಲರೊಬ್ಬರು, "ಮಾವಿನ ಸೀಜನ್ನಿಗೆ ಬಾರಮ್ಮ, ಆವಾಗ ಜಗಳ ಜಾಸ್ತಿ" ಎಂದು ಸಾಗಹಾಕಿದರು. ಕೊನೆಗೆ ತನ್ನೂರು ಮುಳಬಾಗಿಲಿನಲ್ಲೇ ಚಂದ್ರಶೇಖರ ವಕೀಲರ ಜೂನಿಯರ್ ಆಗಿ ಸೇರಿ ಮೂರು ವರ್ಷವಾಗಿತ್ತು. ಅಲ್ಲಿ ತಪ್ಪದೆ ಸಿಗುತ್ತಿದ್ದದ್ದು ಟೀ ಮತ್ತು ಬೈಗುಳ.

ಈಗ ಮಾಲೂರಿನ ಕಾರ್ಖಾನೆಯೊಂದು ಅವಳನ್ನು ಕಾನೂನು ವಿಭಾಗಕ್ಕೆ ಕರೆದಿತ್ತು. ಈ ದಿನ ಸಂಜೆ ಐದಕ್ಕೆ ಅಲ್ಲಿಯ ಮ್ಯಾನೇಜರ್ ಕೌಸ್ತುಭ್ ಫೋನ್ ಮಾಡುತ್ತಾನೆ. ಹ್ಞೂಂ ಅಂದರೆ ನಾಳೆಯೇ ಸೇರಬೇಕು.

"ಇನ್ನೂ ಯೋಚ್ನೆ ಏನು ಬೇಟಿ? ಹ್ಞೂಂ ಅಂದ್ಬಿಡು" ಎಂದು ಅಮ್ಮ ಸಯೀದಾ ಬೆಳಗ್ಗೆಯೇ ಹೇಳಿ ಕಳಿಸಿದ್ದಳು. ರುಮಾನಾಳದ್ದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಸಂಬಳವೂ ಬೇಕು, ಕೋರ್ಟೂ ಬೇಕು.

ಚಂದ್ರಶೇಖರರಿಗೆ ಒಂದು ಹಟವಿತ್ತು. ಜಮೀನಿನ ಕೇಸಾದರೆ ಆ ಹೊಲದ ನಾಲ್ಕು ಎಲ್ಲೆಯನ್ನೂ ನಡೆದು ನೋಡದೆ ಬಾಯಿ ಬಿಡುತ್ತಿರಲಿಲ್ಲ. ಉಳಿದ ವಕೀಲರು ಅವರದನ್ನು 'ಚಪ್ಪಲಿ ಸವೆಸೋ ಆಫೀಸು' ಎಂದು ಆಡಿಕೊಳ್ಳುತ್ತಿದ್ದರು. ವಯಸ್ಸಾದ ಮೇಲೆ ಆ ನಡಿಗೆ ರುಮಾನಾಳ ಪಾಲಿಗೆ ಬಂದಿತ್ತು. ಹೋದ ವಾರ ತಾಯಲೂರಿನ ಅಂಜಮ್ಮನ ಹಿಂದೆ ಸುಡುಬಿಸಿಲಲ್ಲಿ ಅವಳ ಎರಡೆಕರೆ ಸುತ್ತಿ, ಸೀನಿಯರನ್ನು ಮನಸಾರೆ ಶಪಿಸಿ ಬಂದಿದ್ದಳು.

ಆ ಎರಡೆಕರೆಯ ಮೇಲೆ ಅಂಜಮ್ಮನ ಮೈದುನ ಕಣ್ಣು ಹಾಕಿದ್ದ. ಹತ್ತು ವರ್ಷದಿಂದ ಉಳುತ್ತಿರುವವನು ತಾನೇ ಎಂದು ಅವನ ವಾದ. ಈ ದಿನ ಅವನ ಸಾಕ್ಷಿ, ಆ ಹೊಲದ ಕೆಲಸವೆಲ್ಲ ನೋಡಿಕೊಳ್ಳುವವನು ತಾನೇ ಎನ್ನುವ ಆಳು, ಕಟಕಟೆ ಹತ್ತಿದ್ದ. ಕೋಲಾರದಿಂದ ಕಾರಿನಲ್ಲಿ ಬಂದಿದ್ದ ಎದುರು ವಕೀಲರು ಅವನಿಗೆ ಚೆನ್ನಾಗಿ ಪಾಠ ಹೇಳಿಕೊಟ್ಟಿದ್ದರು. ಪೂರ್ವಕ್ಕೆ ಬಂಡೆ, ದಕ್ಷಿಣಕ್ಕೆ ಮುನಿಯಪ್ಪನ ಹೊಲ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಓಣಿ. ಹಳೇ ಪತ್ರದಲ್ಲಿದ್ದ ಹಾಗೆಯೇ ಒಂದಕ್ಷರ ತಪ್ಪದೆ ಹೇಳಿದ.

ಪಾಟೀಸವಾಲಿಗೆ ಚಂದ್ರಶೇಖರರು ಏಳಲಿಲ್ಲ. "ಹೊಲ ನಡೆದೋಳು ನೀನು. ನೀನೇ ಕೇಳು" ಎಂದರು.

ರುಮಾನಾ ಎದ್ದು ನಿಂತಳು. ಇಷ್ಟು ವರ್ಷ ಅವಳು ಕೋರ್ಟಿನಲ್ಲಿ ಮುಂದಿನ ದಿನಾಂಕ ಬಿಟ್ಟು ಬೇರೇನೂ ಕೇಳಿರಲಿಲ್ಲ. ಅಂಜಮ್ಮ ಹಿಂದಿನ ಬೆಂಚಿನಿಂದ ಅವಳನ್ನೇ ನೋಡುತ್ತಿದ್ದಳು.

"ಈ ವರ್ಷ ರಾಗಿ ತೆನೆ ಹೇಗೆ ಸಾಗಿಸಿದ್ರಿ?"

"ಟ್ರ್ಯಾಕ್ಟರಲ್ಲಿ."

"ಯಾವ ಕಡೆಯಿಂದ?"

"ಉತ್ತರದ ಓಣಿಯಿಂದ. ಹತ್ತು ವರ್ಷದಿಂದ ಅದೇ ದಾರಿ."

ಆ ದಾರಿ ರುಮಾನಾಳ ಕಣ್ಣ ಮುಂದೆಯೇ ಇತ್ತು. ಹೋದ ವಾರ "ಇಲ್ಲೇ ಇತ್ತು ಕಣಮ್ಮ ಓಣಿ" ಎಂದು ಅಂಜಮ್ಮ ಬೆರಳು ಮಾಡಿದ್ದು ನೀರಿನ ಕಡೆಗೆ. ಅಲ್ಲಿ ಕೊಕ್ಕರೆ ನಿಂತಿತ್ತು.

"ಕೆರೆ ತುಂಬಿ, ಆ ಓಣಿ ಮೂರು ವರ್ಷದಿಂದ ಎದೆಮಟ್ಟ ನೀರಲ್ಲಿ ಮುಳುಗಿದೆ. ನಿಮ್ಮ ಟ್ರ್ಯಾಕ್ಟರು ಈಜುತ್ತಾ?"

ಎದುರು ವಕೀಲರು ಎದ್ದು ಆಕ್ಷೇಪಿಸುವ ಮೊದಲೇ ಸಾಕ್ಷಿ ಗಾಬರಿಯಲ್ಲಿ ತನ್ನ ಮನೆಮಾತಿಗೆ ಜಾರಿದ: "ಆ ಪಕ್ಕ ನೇನು ಎಪ್ಪುಡೂ ಪೋಲೇದು ಸಾಮೀ!"

ಆ ಕಡೆ ತಾನು ಯಾವತ್ತೂ ಹೋಗಿಯೇ ಇಲ್ಲ ಎಂದು ಅವನೇ ಒಪ್ಪಿಕೊಂಡಿದ್ದ. ಗಡಿಸೀಮೆಯ ಕೋರ್ಟಿನಲ್ಲಿ ಆ ತೆಲುಗು ಅರ್ಥವಾಗದವರು ಯಾರೂ ಇರಲಿಲ್ಲ. ನ್ಯಾಯಾಧೀಶರು ತಲೆಯೆತ್ತಿ ಅವನನ್ನು ನೋಡಿದರು, ಆಮೇಲೆ ನಿಧಾನವಾಗಿ ಕನ್ನಡದಲ್ಲಿ ಬರೆಸಿದರು: "ನಾನು ಆ ಕಡೆ ಎಂದೂ ಹೋಗಿಲ್ಲ." ಬೆರಳಚ್ಚುಗಾರ್ತಿ ಟಕಟಕನೆ ಒತ್ತಿದಳು.

ರುಮಾನಾ ಮೇಜು ಹಿಡಿದು ನಿಂತಳು. ಬಿಸಿಲಲ್ಲಿ ಬೈದುಕೊಂಡು ಇಟ್ಟ ಹೆಜ್ಜೆಗಳು ಕಾರಿನಲ್ಲಿ ಬಂದ ವಕೀಲರ ಬಾಯನ್ನೂ ಹೀಗೆ ಮುಚ್ಚಿಸಬಲ್ಲವೇ! ಗೆದ್ದ ಖುಷಿಗಿಂತ ಹೆಚ್ಚಾಗಿ, ತನ್ನ ಕೈಯಲ್ಲಿ ಏನಿದೆಯೆಂದು ಈಗಷ್ಟೇ ಕಂಡ ಬೆರಗು ಅದು. ಹಿಂದೆ ತಿರುಗಿ ನೋಡಿದರೆ ಚಂದ್ರಶೇಖರರು ಕನ್ನಡಕ ಒರೆಸಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.

ಐದಕ್ಕೆ ಐದು ನಿಮಿಷವಿತ್ತು. ಆವರಣದ ಹೊಂಗೆಮರದ ಕೆಳಗೆ ಅಂಜಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಅವಳ ಜೊತೆ ಬಂದಿದ್ದ ಪಕ್ಕದ ಹೊಲದ ಅನಿತ ಹಿಂಜರಿಯುತ್ತ ಮುಂದೆ ಬಂದಳು. ಕೈಯಲ್ಲಿ ಆಗಷ್ಟೇ ಕೊಂಡ ಖಾಲಿ ವಕಾಲತ್ತು ಫಾರಂ ಇತ್ತು.

"ಲಾಯರಮ್ಮ, ನಮ್ಮ ಗಡಿಕಲ್ಲೂ ಕಿತ್ತಾಕವ್ರೆ. ನಮ್ಮ ಹೊಲಾನೂ ನಡೆದು ನೋಡ್ತೀರಾ?"

"ಸಾರ್ ಒಳಗಿದ್ದಾರೆ, ಕರೀತೀನಿ ಇರಿ."

"ಅವರಲ್ಲಮ್ಮ. ನೀವು."

ವಕೀಲರ ಹೆಸರು ಎಂದಿದ್ದ ಜಾಗದಲ್ಲಿ ರುಮಾನಾ ಮೊದಲ ಬಾರಿಗೆ ತನ್ನೊಬ್ಬಳ ಹೆಸರು ಬರೆದಳು. ಕೆಳಗೆ ಅನಿತ ಒಂದೊಂದೇ ಅಕ್ಷರ ಜೋಡಿಸಿ ರುಜು ಹಾಕುತ್ತಿದ್ದಾಗ ಫೋನ್ ಬಡಿದುಕೊಂಡಿತು.

"ರುಮಾನಾ ಅವರೇ, ಕೌಸ್ತುಭ್ ಮಾತಾಡ್ತಿರೋದು. ನಾಳೆ ಒಂಬತ್ತಕ್ಕೆ ಬಂದ್ಬಿಡ್ತೀರಲ್ವಾ?"

"ನಾಳೆನಾ?" ಎಂದಳು ರುಮಾನಾ, ಶಾಯಿ ಒಣಗಲೆಂದು ಹಾಳೆಯ ಮೇಲೆ ಉಫ್ ಎಂದು ಊದಿ. "ಆಗಲ್ಲ ಸಾರ್. ನಾಳೆ ಹೊಲ ನಡೆಯೋದಿದೆ."