ಅಪ್ಪನ ಹೆಸರು ಡ್ಯಾಡಿ

“ಮಗು ಮನೇಲಿರೋದೇ ಭಾನುವಾರ ಒಂದಿನ. ಅವತ್ತೂ ಬಿಸಿಲಲ್ಲಿ ಹಗ್ಗಕ್ಕೆ ಗಂಟು ಹಾಕೋಕೆ ಕಳಿಸ್ಲಾ?”

ಉಮಾಮಹೇಶ್ವರಿ ನಕ್ಕುಬಿಟ್ಟಳು. ಕರೆಯಲು ಬಂದಿದ್ದವಳು ಪಕ್ಕದ ಕ್ವಾರ್ಟರ್ಸಿನ ಶ್ಯಾಮಲಾ. ಊರಿಗಾಂ ಮೈದಾನದಲ್ಲಿ ಸ್ಕೌಟ್ಸ್-ಗೈಡ್ಸ್‌ನ ಪುಟ್ಟ ಮಕ್ಕಳ ದಳ ನಡೆಸುವವಳು ಅವಳೇ.

“ಗಂಟು ಒಂದೇ ಅಲ್ಲಕ್ಕಾ. ಆಟ ಆಡುಸ್ತೀವಿ, ಕಥೆ ಏಳ್ತೀವಿ. ಗಂಡುಡುಗ್ರಿಗೆ ಕಬ್ ಅಂತೀವಿ, ಎಣ್ಮಕ್ಳಿಗೆ ಬುಲ್‌ಬುಲ್. ಅಪ್ಪ ಅಮ್ಮನೂ ಜೊತೆಗೆ ಬರ್ಬೇಕು. ಧನುಗೆ ಆರು ತುಂಬ್ತಲ್ವಾ, ಕರ್ಕೊಂಡ್ ಬನ್ನಿ.”

“ನಮ್ಮ ಧನು ಗ್ರಹಗಳ ಹೆಸರೆಲ್ಲ ಪಟಪಟ ಅಂತ ಹೇಳ್ತಾಳೆ. ಅವಳಿಗೆ ಇನ್ನೇನು ಕಲಿಸ್ತೀರ?”

ಮಾತು ಅಲ್ಲಿಗೇ ಮುಗಿಯಿತು.

ಗಂಡ ಓಂಕಾರಪ್ಪನಿಗೆ ಕಾರ್ಖಾನೆಯಲ್ಲಿ ರಜೆ ಸಿಕ್ಕಿತು. ಮೂವರೂ ದಾವಣಗೆರೆಯ ತವರಿಗೆ ಹೊರಟರು. ಬಂಗಾರಪೇಟೆಯಲ್ಲಿ ರೈಲು ಬದಲಿಸಬೇಕು. ಓಂಕಾರಪ್ಪ ನೀರು ತರಲು ಹೋದ. ಉಮಾ ಬ್ಯಾಗಿನ ಜಿಪ್ ಎಳೆಯಲು ಬಗ್ಗಿದಳು. ತಲೆ ಎತ್ತಿದರೆ ಧನುಶ್ರೀ ಇಲ್ಲ.

ಅಪ್ಪನ ಹಿಂದೆ ಹೋಗಿರಬೇಕು ಅಂದುಕೊಂಡಳು. ಸುಮಾರು ಹೊತ್ತಿನ ಮೇಲೆ ಓಂಕಾರಪ್ಪ ಒಬ್ಬನೇ ಬಂದ.

“ಧನು ಎಲ್ಲಿ?” ಇಬ್ಬರೂ ಒಟ್ಟಿಗೇ ಕೇಳಿದರು.

ಉಮಾಳಿಗೆ ಹಳಿಯ ಕಡೆ ನೋಡಲು ಧೈರ್ಯವಿಲ್ಲ, ನೋಡದೆ ಇರಲೂ ಆಗದು. ಅಷ್ಟರಲ್ಲಿ ಮೈಕಿನಲ್ಲಿ ಕೇಳಿಸಿತು: “ಹಳದಿ ಫ್ರಾಕಿನ ಹೆಣ್ಣುಮಗು ರೈಲ್ವೆ ಪೊಲೀಸರ ಬಳಿ ಇದೆ. ತಂದೆ ತಾಯಿಯ ಹೆಸರು ಹೇಳಲು ಮಗುವಿಗೆ ಬರುತ್ತಿಲ್ಲ.”

ಓಡಿಹೋಗಿ ಮಗಳನ್ನು ಅವಚಿಕೊಂಡಳು. ಅಳಲು ದನಿಯೇ ಹೊರಡಲಿಲ್ಲ.

ಮಗುವನ್ನು ಕರೆತಂದ ಪೇದೆ ಅರ್ಚನ ಅಲ್ಲೇ ನಿಂತಿದ್ದಳು. “ಅಪ್ಪನ ಎಸ್ರೇನಮ್ಮ ಅಂದ್ರೆ ಡ್ಯಾಡಿ ಅಂತು. ಮನೆ ಎಲ್ಲಿ ಅಂದ್ರೆ ನೀರಿನ ಟ್ಯಾಂಕ್ ಅತ್ರ ಅಂತು. ಯಾವೂರ ಟ್ಯಾಂಕು ಅಂತ ಉಡುಕೋದಮ್ಮಾ?” ಆಮೇಲೆ ದನಿ ತಗ್ಗಿಸಿದಳು. “ಬೇಜಾರ್ ಮಾಡ್ಕೋಬೇಡಿ. ನಾನು ಡ್ಯೂಟಿ ಮುಗ್ಸಿ ಸೀರೆ ಉಟ್ಕೊಂಡು ಒಲ್ಟಿದ್ದೆ. ‘ಬಾ, ಅಮ್ಮನ್ನ ತೋರುಸ್ತೀನಿ’ ಅಂದೆ. ಯಾರು, ಏನು ಅಂತ ಕೇಳ್ದೇನೆ ಕೈ ಇಡ್ಕೊಂಡ್ ಬಂದ್ಬುಡ್ತು. ನನ್ ಜಾಗದಾಗೆ ಬ್ಯಾರೆ ಯಾರಾನ ಇದ್ದಿದ್ರೆ?”

ಉಮಾ ಮಗಳಿಗೆ ಗ್ರಹಗಳ ಹೆಸರು ಕಲಿಸಿದ್ದಳು. ತನ್ನ ಹೆಸರು ಕಲಿಸಿರಲಿಲ್ಲ.

ತವರಿನಿಂದ ಮರಳಿದ ಮೊದಲ ಭಾನುವಾರವೇ ಮೂವರೂ ಮೈದಾನಕ್ಕೆ ಹೋದರು. ಶ್ಯಾಮಲಾ ಹಳೆಯ ಮಾತು ಎತ್ತಲಿಲ್ಲ.

“ಮೊದ್ಲು ಅಪ್ಪಂದ್ರ ಆಟ. ಫೋನ್ ಜೇಬಲ್ಲೇ ಇರ್ಲಿ. ಓಂಕಾರಪ್ಪೋರೇ, ಉಮಕ್ಕನ ಫೋನ್ ನಂಬರ್ ಏಳಿ ನೋಡಾಣ.”

ಓಂಕಾರಪ್ಪ “ಒಂಬತ್ತು, ನಾಲ್ಕು...” ಎಂದವನು ಅಲ್ಲೇ ನಿಂತುಬಿಟ್ಟ. ಮಕ್ಕಳು ಗೊಳ್ಳೆಂದು ನಕ್ಕರು. ಅವನ ಮುಖ ಮಾತ್ರ ಬಿಳುಚಿತು. ಅಂದು ಅಪ್ಪ ಮಗಳು ಕೂತು ಹಾಡಿನಂತೆ ನಂಬರ್ ಬಾಯಿಪಾಠ ಮಾಡಿದರು. ಕಳೆದುಹೋದರೆ ನಿಂತಲ್ಲೇ ನಿಲ್ಲಬೇಕು, ಯೂನಿಫಾರಂ ಹಾಕಿದವರಿಗೆ ಅಪ್ಪ ಅಮ್ಮನ ಹೆಸರು ಹೇಳಬೇಕು, ಗೊತ್ತಿಲ್ಲದವರು ಕರೆದರೆ ಹಿಂದೆ ಸರಿದು ಕೂಗಬೇಕು. ಎಲ್ಲವನ್ನೂ ಮಕ್ಕಳು ಆಡುತ್ತಲೇ ಕಲಿತರು.

ಚಳಿಗಾಲದಲ್ಲಿ ದಳದವರೆಲ್ಲ ಬುತ್ತಿ ಕಟ್ಟಿಕೊಂಡು ಬೇತಮಂಗಲದ ಕೆರೆಗೆ ಹೋದರು. ಶ್ಯಾಮಲಾಳ ಅಣ್ಣ ಸುಧಾಕರ್ ಕ್ಯಾಸಂಬಳ್ಳಿಯಿಂದ ಬಂದಿದ್ದ. ಮಕ್ಕಳು ಅವನನ್ನು ಕಂಡವರಲ್ಲ. ಮಕ್ಕಳನ್ನು ಪರೀಕ್ಷಿಸಲು ತಂಗಿ ಹೇಳಿಕೊಟ್ಟಂತೆ ಅವನು ಧನುಶ್ರೀ ಬಳಿ ಬಂದ.

“ಪಾಪಾ, ನಿಮ್ಮಮ್ಮ ಬಸ್ ಅತ್ರ ಕರೀತಾವ್ರೆ, ಬಾ.”

ಮರದ ಮರೆಯಲ್ಲಿ ಉಮಾ ನಿಂತು ನೋಡುತ್ತಿದ್ದಳು. ಧನುಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು.

“ನಮ್ಮಮ್ಮನ ಹೆಸರೇನು? ಮೊದಲು ಹೇಳಿ.”

ಸುಧಾಕರ್ ತಡವರಿಸಿದ. “ಶ್ಯಾಮಲಾ ಆಂಟೀ!” ಎಂಬ ಧನುಶ್ರೀಯ ಕೂಗು ಕೆರೆ ಏರಿಯ ಆ ತುದಿಗೂ ಕೇಳಿಸಿತು. ಸ್ಟೇಷನ್ನಿನಲ್ಲಿ ಬಾರದ ಅಳು ಉಮಾಳಿಗೆ ಈಗ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಕೆಳಗಿಡುವ ಮುಂಚೆ ನಿಮ್ಮ ಮಗುವನ್ನು ಹತ್ತಿರ ಕರೆಯಿರಿ. ನನ್ನ ಹೆಸರೇನು, ನಮ್ಮ ಮನೆ ಎಲ್ಲಿ, ಯಾರಾದರೂ ಬಾ ಅಂದರೆ ಏನು ಮಾಡ್ತೀಯ ಅಂತ ಕೇಳಿ. ಉತ್ತರ ಕೇಳಿ ಎದೆ ಝಲ್ಲೆಂದರೆ ತಡಮಾಡಬೇಡಿ. ಶಾಲೆಯಲ್ಲೋ ಅಕ್ಕಪಕ್ಕದಲ್ಲೋ ಕಬ್, ಬುಲ್‌ಬುಲ್ ದಳ ಇದೆಯೇ ವಿಚಾರಿಸಿ, ಮಗುವನ್ನು ಸೇರಿಸಿ. ಬಾಗಿಲಲ್ಲಿ ಬಿಟ್ಟು ಬರಬೇಡಿ, ನೀವೂ ಒಳಗೆ ಹೋಗಿ.